ಮಿಸ್ಸಿಸಾಗಾದಲ್ಲಿ ಕೊಡಲಿ ಎಸೆಯೋಕೆ ಹೋಗಿದ್ವಿ, ಗುಂಪು ಕಟ್ಕೊಂಡು ಹೋಗೋರು ಓದಿ

ಫೆಬ್ರವರೀಲಿ ಕೆನಡಾದ ಟೊರಾಂಟೊ ಕಡೆ ಇರೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಶನಿವಾರ ಸಂಜೆ ಬಂತು ಅಂದ್ರೆ ಎಲ್ಲಿಗೆ ಹೋಗೋದು ಅನ್ನೋದೇ ಯೋಚನೆ. ಹೊರಗೆ ಮೈನಸ್ 14, ಆರು ಗಂಟೆಗೆಲ್ಲ ಕತ್ತಲು, ಹಾಗಾಗಿ ಒಬ್ಬರ ಮನೆ ಆದ್ಮೇಲೆ ಇನ್ನೊಬ್ಬರ ಮನೇಲಿ ಎಲ್ರೂ ಒಂದೊಂದು ಅಡುಗೆ ತರೋ ಪಾಟ್‌ಲಕ್. ನಮ್ಮದು ಐದು ಮನೆಯವ್ರ ಗುಂಪು, ಎಲ್ರೂ ಕನ್ನಡದವ್ರು, ಊಟ ಆದ್ಮೇಲೆ ಗಂಡಸ್ರು ಸೋಫಾ ಮೇಲೆ ಕೂತು ಮಾರ್ಟ್‌ಗೇಜ್ ರೇಟಿನ ಮಾತು, ನಾವು ಅಡುಗೆಮನೆ ಕಟ್ಟೆ ಹತ್ರ, ಮಕ್ಕಳು ಬೇಸ್‌ಮೆಂಟಲ್ಲಿ. ನಂಗೆ ಅದು ಇಷ್ಟಾನೇ. ಆದ್ರೆ ಈ ಸಲ ನನ್ನ ಗೆಳತಿ ಮನೆಯವ್ರು ಕ್ಯಾಲ್ಗರಿಗೆ ಶಿಫ್ಟ್ ಆಗ್ತಿದ್ರು, ಎಂಟು ವರ್ಷದ ಒಡನಾಟ, ಅವಳನ್ನ ಕಳಿಸಿಕೊಡೋ ಸಂಜೆ ಮತ್ತೊಂದು ಪಾಟ್‌ಲಕ್ ಆಗ್ಬಾರ್ದು ಅಂತ ನನ್ನ ಮನಸ್ಸಲ್ಲಿತ್ತು. ಏನ್ ಮಾಡೋಣ ಹೇಳು ಅಂತ ಫೋನಲ್ಲಿ ಕೇಳಿದ್ರೆ ಒಂದು ಕ್ಷಣ ಕೂಡ ಯೋಚನೆ ಮಾಡ್ದೆ "ಕೊಡಲಿ ಎಸೀಬೇಕು ಕಣೆ, ಎಂಟು ವರ್ಷದಿಂದ ಆಸೆ, ಇವ್ರು ಒಂದಿನಾನೂ ಕರ್ಕೊಂಡು ಹೋಗಿಲ್ಲ" ಅಂದ್ಲು.

ಗುರಿ ಬರೆದ ಹಲಗೆಗೆ ಕೊಡಲಿ ಎಸೆಯೋ ಈ ಆಟದ ಊರೇ ಟೊರಾಂಟೊ ಅನ್ನೋದು ನಂಗೆ ಬುಕ್ ಮಾಡೋವಾಗ್ಲೇ ಗೊತ್ತಾಗಿದ್ದು. ಮರ ಕಡಿಯೋರು ತಮ್ಮತಮ್ಮಲ್ಲೇ ಪಂದ್ಯ ಕಟ್ಟಿ ಎಸೀತಿದ್ದಿದ್ದು ಹಳೇ ಕಾಲದ ಮಾತು, ಆದ್ರೆ ಊರೊಳಗೆ ಫ್ರೆಂಡ್ಸೆಲ್ಲ ಸೇರಿ ಸಂಜೆ ಹೊತ್ತು ಲೀಗ್ ಥರ ಆಡೋದು ಶುರುವಾಗಿದ್ದು 2006ರಲ್ಲಿ, ಟೊರಾಂಟೊದ ಒಂದು ಮನೆ ಹಿತ್ತಲಲ್ಲಿ, ಮ್ಯಾಟ್ ವಿಲ್ಸನ್ ಅನ್ನೋರು ಶುರು ಮಾಡಿದ್ದು. ಅದಕ್ಕೇ ಅದರ ಹೆಸರು ಬ್ಯಾಕ್‌ಯಾರ್ಡ್ ಆಕ್ಸ್ ಥ್ರೋಯಿಂಗ್ ಲೀಗ್. ಆಮೇಲೆ ಅದು ಗೋಡೌನುಗಳಿಗೆ ಬಂತು, ಅಮೆರಿಕಕ್ಕೆ ಹೋಯ್ತು, 2017ರಲ್ಲಿ ವರ್ಲ್ಡ್ ಆಕ್ಸ್ ಥ್ರೋಯಿಂಗ್ ಲೀಗ್ ಅಂತ ಬೇರೆ ಒಂದು ಸಂಸ್ಥೆನೂ ಆಯ್ತು. ಆಟ ಹುಟ್ಟಿದ ಊರಲ್ಲೇ ಎಂಟು ವರ್ಷ ಇದ್ದು ಒಂದ್ಸಲಾನೂ ನೋಡದೇ ಹೋಗೋದು ಸರಿಯಲ್ಲ ಅನ್ನಿಸ್ತು.

ನಾವು ಹೋಗಿದ್ದು ಟೊರಾಂಟೊ ಪಕ್ಕದ ಮಿಸ್ಸಿಸಾಗಾದ ಇಂಡಸ್ಟ್ರಿಯಲ್ ಏರಿಯಾದಲ್ಲಿರೋ ಒಂದು ಜಾಗ. ಹೆಸರು ಹಾಕಲ್ಲ, ಯಾಕಂದ್ರೆ ಬುಕಿಂಗಲ್ಲಿ ಒಂದು ಎಡವಟ್ಟಾಯ್ತು, ಅದನ್ನ ಕೆಳಗೆ ಹೇಳ್ತೀನಿ, ಅದೊಂದಕ್ಕೆ ಅವರ ಹೆಸರು ಕೆಡಿಸೋಕೆ ಇಷ್ಟ ಇಲ್ಲ. ಎಸೆಯೋರು ಹನ್ನೆರಡು ಜನ: ಐದು ಜೋಡಿ, ಜೊತೆಗೆ ಮಾಸ್ಟರ್ಸ್ ಮಾಡೋಕೆ ಅಂತ ಹೋದ ಸೆಪ್ಟೆಂಬರಲ್ಲಿ ಬಂದ ಇಬ್ಬರು ಹುಡುಗ್ರು, ಒಬ್ಬ ದಾವಣಗೆರೆ, ಒಬ್ಬ ಹುಬ್ಬಳ್ಳಿ. ಹದಿಮೂರನೇಯವ್ರು ನಮ್ಮತ್ತೆ, ತೀರ್ಥಹಳ್ಳಿಯವ್ರು, ನಾಲ್ಕು ತಿಂಗಳಿಂದ ನಮ್ಮ ಜೊತೇಲಿದಾರೆ, ಭುಜ ನೋವು ಇರೋದ್ರಿಂದ ಅವ್ರು ಎಸೆಯಲ್ಲ, ಕೂತು ನೋಡ್ತೀನಿ ಅಂತ ಬಂದ್ರು. ಕೂತು ನೋಡೋರಿಗೆ ದುಡ್ಡಿಲ್ಲ, ಇದು ನಂಗೆ ಇಷ್ಟ ಆಯ್ತು. ಎಸೆಯೋರಿಗೆ ಎರಡು ಗಂಟೆಗೆ ತಲೆಗೆ 45 ಡಾಲರ್, ಅದರ ಮೇಲೆ 13 ಪರ್ಸೆಂಟ್ ಮಾರಾಟ ತೆರಿಗೆ ಎಚ್‌ಎಸ್‌ಟಿ, ಅಂದ್ರೆ 50 ಡಾಲರ್ 85 ಸೆಂಟು, ಹನ್ನೆರಡು ಜನಕ್ಕೆ 610 ಡಾಲರ್ ಚಿಲ್ಲರೆ. ಕಡಿಮೆ ಅಂತ ಹೇಳಕ್ಕಾಗಲ್ಲ. ಮಕ್ಕಳನ್ನ ಬಿಡಲ್ಲ, ಅವರನ್ನೆಲ್ಲ ಒಂದೇ ಮನೇಲಿ ಬಿಟ್ಟು ನೋಡ್ಕೊಳೋಕೆ ಒಬ್ಬರನ್ನ ಹುಡ್ಕಿದ್ವಿ, ಆ ಖರ್ಚು ಬೇರೆ.

ಮನೇಲೇ ಮುಗಿಸ್ಕೊಂಡು ಹೋಗ್ಬೇಕಾದ್ದು ಒಂದೆರಡಿದೆ. ಏಟಾದ್ರೆ ನಮ್ಮದೇ ಹೊಣೆ ಅನ್ನೋ ವೇವರ್ ಫಾರಂ ಪ್ರತಿಯೊಬ್ಬರೂ ಆನ್‌ಲೈನಲ್ಲಿ ಸಹಿ ಮಾಡ್ಬೇಕು, ಒಬ್ಬರ ಬದ್ಲು ಇನ್ನೊಬ್ಬರು ಮಾಡಕ್ಕಾಗಲ್ಲ, ನಮ್ಮಲ್ಲಿ ನಾಲ್ಕು ಜನ ಮಾಡಿರ್ಲಿಲ್ಲ, ಬಾಗಿಲಲ್ಲಿ ನಿಂತು ಫೋನ್ ಒತ್ತೋದ್ರಲ್ಲೇ ಹತ್ತು ನಿಮಿಷ ಹೋಯ್ತು. ಬೆರಳು ಮುಚ್ಚೋ ಶೂ ಇಲ್ಲಾಂದ್ರೆ ಎಸೆಯೋ ಗೆರೆ ಹತ್ರಾನೂ ಬಿಡಲ್ಲ. ಚಳೀಲಿ ಎಲ್ರೂ ಬೂಟು ಹಾಕ್ಕೊಂಡೇ ಬರ್ತಾರೆ ನಿಜ, ಆದ್ರೆ ಮಂಡಿವರೆಗಿನ ದಪ್ಪ ಸ್ನೋ ಬೂಟ್ ಹಾಕ್ಕೊಂಡು ಎಸೆಯೋದು ಕಷ್ಟ, ಬ್ಯಾಗಲ್ಲಿ ಒಂದು ಜೊತೆ ಶೂ ಇಟ್ಕೊಳ್ಳಿ. ಕೂದಲು ಕಟ್ಬೇಕು, ದುಪಟ್ಟಾ ತೆಗೀಬೇಕು. ಒಬ್ಬಾಕೆ ದೇವಸ್ಥಾನದಿಂದ ಸೀದಾ ಬಂದಿದ್ಲು, ಕಾಟನ್ ಸೀರೆ, ಅವಳಿಗೆ ಕೋಚ್ ಏನ್ ಹೇಳ್ಬೇಕು ಅಂತ ಗೊತ್ತಾಗ್ದೆ ನಮ್ಮ ಮುಖ ನೋಡಿದ್ರು. ಅತ್ತೆ ಎದ್ದು ಹೋಗಿ, ಗದ್ದೆ ನಾಟಿಗೆ ಇಳಿಯೋರ ಥರ ಸೆರಗು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ನೆರಿಗೆ ಸ್ವಲ್ಪ ಮೇಲೆತ್ತಿ ಕಟ್ಟಿಕೊಟ್ರು. ಆಮೇಲೆ ಎರಡು ಗಂಟೆ ಅವಳು ಅದರಲ್ಲೇ ಆರಾಮಾಗಿ ಎಸೆದ್ಲು.

ಒಳಗೆ ಕಾಲಿಟ್ಟ ತಕ್ಷಣ ಮೂಗಿಗೆ ಬಂದಿದ್ದು ಮರದ ವಾಸನೆ. ಸಾಗರದಲ್ಲಿ ನಮ್ಮ ಸ್ಕೂಲಿಗೆ ಹೋಗೋ ದಾರೀಲಿ ಒಂದು ಸಾಮಿಲ್ ಇತ್ತು, ಮಳೆಗಾಲದಲ್ಲಿ ಹಸಿ ಹೊಟ್ಟಿನ ವಾಸನೆ ರಸ್ತೆ ತಿರುವಿನಿಂದಾನೇ ಬರ್ತಿತ್ತು, ಥೇಟ್ ಅದೇ. ಎತ್ತರದ ಗೋಡೌನು, ತಗಡಿನ ಸೂರು, ಎರಡೆರಡು ಬೋರ್ಡಿಗೆ ಒಂದರಂತೆ ತಂತಿ ಜಾಲರಿಯ ಪಂಜರ, ನೆಲದ ತುಂಬ ಮರದ ಚಕ್ಕೆ. ಬೋರ್ಡು ಅಂದ್ರೆ ಉದ್ದುದ್ದ ನಿಲ್ಲಿಸಿದ ಹಲಗೆಗಳು, ಅದರ ಮೇಲೆ ಬಣ್ಣದಲ್ಲಿ ವೃತ್ತ ಬರೆದಿರ್ತಾರೆ. ಮಧ್ಯದ ಹಲಗೆ ಏಟು ತಿಂದು ತಿಂದು ತೆಂಗಿನ ನಾರಿನ ಥರ ಎದ್ದು ನಿಂತಿರುತ್ತೆ.

ಎಡವಟ್ಟಿನ ವಿಷ್ಯ ಈಗ ಹೇಳ್ತೀನಿ. ನಮಗೆ ಎರಡು ಪಂಜರ, ಒಬ್ಬ ಕೋಚ್ ಪೂರ್ತಿ ನಮಗೇ ಅಂತ ಈಮೇಲ್‌ನಲ್ಲಿ ಬರೆದಿದ್ರು, ಹೋಗಿ ನೋಡಿದ್ರೆ ಒಂದೇ ಪಂಜರ ಖಾಲಿ, ಇನ್ನೊಂದರಲ್ಲಿ ಮದುವೆ ಮುಂಚಿನ ಪಾರ್ಟಿ ಮಾಡ್ಕೊಂಡು ಬಂದ ಹುಡುಗರ ಗುಂಪು, ಕೋಚ್ ಇಬ್ಬರಿಗೂ ಸೇರಿ ಒಬ್ರೇ. ಮೊದಲ ಇಪ್ಪತ್ತೈದು ನಿಮಿಷ ಅವ್ರು ಆ ಕಡೆ ಈ ಕಡೆ ಓಡಾಡ್ತಿದ್ರು. ಆ ಇಪ್ಪತ್ತೈದು ನಿಮಿಷದಲ್ಲಿ ನಮ್ಮ ಹನ್ನೆರಡು ಜನದಲ್ಲಿ ಒಬ್ಬರದ್ದೂ ಕೊಡಲಿ ನಿಲ್ಲಲಿಲ್ಲ. ಒಬ್ಬರದ್ದೂ! ಟಣ್ ಅಂತ ಬಡಿಯೋದು, ಕೆಳಗೆ ಬೀಳೋದು, ಟಣ್, ಕೆಳಗೆ. ಸೀರೆಯಾಕೆ ಹೋಗಿ ಬೆಂಚಲ್ಲಿ ಕೂತ್ಕೊಂಡ್ಲು, ಗೆಳತಿ ಮುಖ ಸಪ್ಪಗಾಯ್ತು, ನಂಗೆ ಹೊಟ್ಟೇಲಿ ಸಂಕಟ, ಇವಳ ಆಸೆ ಹಿಂಗಾಯ್ತಲ್ಲ ಅಂತ. ಕೌಂಟರಿಗೆ ಹೋಗಿ ಈಮೇಲ್ ತೋರಿಸಿ ನೇರವಾಗಿ ಕೇಳ್ದೆ. ವಾದ ಮಾಡ್ಲಿಲ್ಲ, ತಪ್ಪು ಒಪ್ಕೊಂಡ್ರು, ಆ ಗುಂಪಿನ ಟೈಮ್ ಮುಗಿದ ಕೂಡ್ಲೇ ಎರಡನೇ ಪಂಜರ ಬಿಡಿಸಿಕೊಟ್ರು, ಕೊನೇಲಿ ಅರ್ಧ ಗಂಟೆ ಜಾಸ್ತಿ ಕೊಟ್ರು. ಆದ್ರೂ ಬರೀತಿದೀನಿ, ಯಾಕಂದ್ರೆ ನೀವು ಬುಕ್ ಮಾಡೋವಾಗ ಪಂಜರ ಎಷ್ಟು, ಕೋಚ್ ಯಾರ ಜೊತೆ ಹಂಚ್ಕೋಬೇಕು ಅನ್ನೋದನ್ನ ಫೋನ್ ಮಾಡಿ ಕೇಳಿ, ಬರಹದಲ್ಲಿ ತಗೊಳ್ಳಿ, ಆ 45 ಡಾಲರಲ್ಲಿ ನೀವು ಕೊಡ್ತಿರೋದು ಕೊಡಲಿಗೂ ಅಲ್ಲ ಹಲಗೆಗೂ ಅಲ್ಲ, ಕೋಚಿಗೆ.

ಅದು ಗೊತ್ತಾಗಿದ್ದು ಅವ್ರು ನಮ್ಮ ಹತ್ರಾನೇ ನಿಂತ ಮೇಲೆ. ಇಪ್ಪತ್ತೈದರ ಆಸುಪಾಸಿನ ಹುಡುಗಿ, ತೆಳ್ಳಗೆ, ದನಿ ಜೋರು. ಒಬ್ಬೊಬ್ಬರನ್ನೇ ಕರೆದು ಮೂರು ಎಸೆತ ಎಸೆಯೋಕೆ ಹೇಳಿ, ಸುಮ್ನೆ ನೋಡಿ, ಆಮೇಲೆ ಒಂದೇ ಒಂದು ಮಾತು ಹೇಳೋರು. ನಂಗೆ ಹೇಳಿದ್ದು "ಅರ್ಧ ಹೆಜ್ಜೆ ಹಿಂದೆ". ಅಷ್ಟೇ. ಅರ್ಧ ಹೆಜ್ಜೆ ಹಿಂದೆ ಸರಿದು ಎಸೆದೆ, ಠಕ್ ಅಂತ ನಿಂತ್ಕೊಳ್ತು! ಆ ಸದ್ದು ಬೇರೆ, ಕೊಡಲಿ ಹಲಗೆ ಒಳಗೆ ಹೋಗೋ ಸದ್ದು, ಬಡಿದು ಬೀಳೋದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ, ಕೇಳಿದ ತಕ್ಷಣ ಬೆಂಚಲ್ಲಿದ್ದೋರೆಲ್ಲ ಎದ್ದು ನಿಂತ್ರು.

ಅದರ ಲೆಕ್ಕ ಹಿಂಗೆ. ಕೊಡಲಿ ಗಾಳೀಲಿ ಒಂದು ಪೂರ್ತಿ ಸುತ್ತು ಸುತ್ತಿ ಬಾಯಿ ಮುಂದೆ ಮಾಡ್ಕೊಂಡು ಹೋಗಿ ಹಲಗೆಗೆ ಕಚ್ಬೇಕು, ಗೆರೆ ಇರೋದು ಹಲಗೆಯಿಂದ ಸುಮಾರು 12 ಅಡಿ, ಆ ದೂರದಲ್ಲಿ ಆ ಒಂದು ಸುತ್ತು ಮುಗೀಬೇಕು. ಕಾವಿನ ತುದಿ ಮೊದಲು ಹೋಗಿ ಬಡೀತು ಅಂದ್ರೆ ಸುತ್ತು ಇನ್ನೂ ಮುಗಿದಿಲ್ಲ, ಜಾಗ ಸಾಲ್ಲಿಲ್ಲ, ಹಿಂದೆ ಸರೀಬೇಕು. ಕೊಡಲಿಯ ನೆತ್ತಿ ಹೋಗಿ ಬಡೀತು ಅಂದ್ರೆ ಸುತ್ತು ಜಾಸ್ತಿ ಆಯ್ತು, ಮುಂದೆ ಬರ್ಬೇಕು. ನಂದು ಕಾವು ಬಡೀತಿತ್ತು. ನೋಡೋಕೆ ಇಷ್ಟು ಸುಲಭದ ಲೆಕ್ಕ, ಆದ್ರೆ ಎಸೆಯೋರಿಗೆ ಎಸೀತಿರೋವಾಗ ಕಾಣಲ್ಲ, ಪಕ್ಕದಲ್ಲಿ ನಿಂತ ಕಣ್ಣು ಬೇಕು.

ಹಿಡಿಯೋದು ಎರಡು ಕೈಯಲ್ಲಿ, ಬ್ಯಾಟ್ ಹಿಡಿದ ಹಾಗೆ. ತಲೆ ಹಿಂದಕ್ಕೆ ತಗೊಂಡು ಹೋಗಿ, ನೇರ ಮುಂದೆ ತಂದು, ಕೈ ಎರಡೂ ಚಾಚಿ ಕಣ್ಣಿನ ಎತ್ತರಕ್ಕೆ ಬಂದಾಗ ಬಿಡೋದು. ಮಣಿಕಟ್ಟು ಅಲುಗಾಡ್ಬಾರ್ದು. ಇದು ನಮ್ಮನೆಯವ್ರಿಗೆ ಬಹಳ ಕಷ್ಟ ಕೊಡ್ತು. ಅವ್ರು ವಾರಕ್ಕೆ ಮೂರು ದಿನ ಶಟಲ್ ಆಡ್ತಾರೆ, ಇಪ್ಪತ್ತು ವರ್ಷದಿಂದ, ಸ್ಮ್ಯಾಶ್ ಹೊಡೆಯೋವಾಗ ಕೊನೇಲಿ ಮಣಿಕಟ್ಟು ಝಾಡಿಸೋ ಅಭ್ಯಾಸ ಕೈಯಲ್ಲೇ ಕೂತಿದೆ, ಕೊಡಲೀನೂ ಹಂಗೇ ಝಾಡಿಸೋರು, ಅದು ಗಿರಗಿರ ಒಂದೂಕಾಲು ಸುತ್ತು ಸುತ್ತಿ ನೆತ್ತಿಯಿಂದ ಬಡಿದು ಬೀಳೋದು. ಬಲ ಹಾಕಿದಷ್ಟೂ ಕೆಟ್ಟದಾಗ್ತಿತ್ತು. ಕೋಚ್ ಕೊನೆಗೆ ಅವರ ಬಲ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಖಾಲಿ ಕೈಯಲ್ಲಿ ಹತ್ತು ಸಲ ಹಿಂದೆ ಮುಂದೆ ಮಾಡಿಸಿದ್ರು, ಚಿಕ್ಕ ಮಕ್ಕಳಿಗೆ ಮರಳಲ್ಲಿ ಅಕ್ಷರ ತಿದ್ದಿಸೋ ಹಾಗೆ. ಹನ್ನೊಂದನೇ ಸಲ ಕೊಡಲಿ ಕೊಟ್ರು, ನಿಂತಿತು. ಆ ಮನುಷ್ಯ ಅಷ್ಟು ಖುಷಿಪಟ್ಟಿದ್ದನ್ನ ನಾನು ಮನೆ ತಗೊಂಡ ದಿನಾನೂ ನೋಡಿಲ್ಲ.

ಭಯ ಇರೋರಿಗೆ ಒಂದು ಮಾತು. ನೆಲಕ್ಕೆ ಬಡಿದ ಕೊಡಲಿ ಪುಟಿದು ವಾಪಸ್ ಎಸೆದೋರ ತಲೆ ಹತ್ರಾನೇ ಹಾದು ಹೋಗೋ ವಿಡಿಯೋ ಒಂದು ಕೆಲವು ವರ್ಷದ ಹಿಂದೆ ಎಲ್ಲರ ಫೋನಿಗೂ ಬಂದಿತ್ತಲ್ಲ, ನಮ್ಮ ಗುಂಪಿನವ್ರೂ ಅದನ್ನೇ ನೋಡಿ ಹೆದರಿದ್ರು. ನಾವು ಹೋದ ಜಾಗದಲ್ಲಿ ನಿಯಮ ಬಿಗಿಯಾಗಿತ್ತು. ಪಂಜರದೊಳಗೆ ಇಬ್ರು ಮಾತ್ರ, ಇಬ್ರೂ ಒಟ್ಟಿಗೆ ಎಸೀಬೇಕು, ಇಬ್ಬರದ್ದೂ ಮುಗಿದ ಮೇಲೇ ಇಬ್ರೂ ಒಟ್ಟಿಗೆ ತರೋಕೆ ಹೋಗ್ಬೇಕು, ಎಸೆದ ಮೇಲೆ ಕಣ್ಣು ಕೊಡಲಿ ಮೇಲಿಂದ ತೆಗೀಬಾರ್ದು. ಕುಡಿದು ಬಂದೋರನ್ನ ಎಸೆಯೋಕೆ ಬಿಡಲ್ಲ ಅಂತ ಬೋರ್ಡ್ ಹಾಕಿದ್ರು, ಬರೀ ಬೋರ್ಡಲ್ಲ, ಆ ಪಕ್ಕದ ಪಾರ್ಟಿ ಹುಡುಗರಲ್ಲಿ ಒಬ್ಬನ್ನ ಕೋಚ್ ನಮ್ಮೆದುರಿಗೇ ಹೊರಗೆ ಕೂರಿಸಿದ್ರು. ಅದನ್ನ ನೋಡಿದ ಮೇಲೆ ನಂಗೆ ಧೈರ್ಯ ಬಂತು.

ಇನ್ನೊಂದು ನಿಯಮ: ಕೊಡಲೀನ ಕೈಯಿಂದ ಕೈಗೆ ಕೊಡೋ ಹಾಗಿಲ್ಲ. ಗೆರೆ ಪಕ್ಕದಲ್ಲಿ ಒಂದು ಮರದ ಕೊರಡು ಇಟ್ಟಿರ್ತಾರೆ, ನಿಮ್ಮ ಸರದಿ ಮುಗಿದ ಮೇಲೆ ಅದಕ್ಕೆ ಕಚ್ಚಿಸಿ ಬಿಟ್ಟು ಬರ್ಬೇಕು, ಮುಂದಿನವ್ರು ಅಲ್ಲಿಂದ ತಗೋಬೇಕು. ಇದನ್ನ ಕೋಚ್ ಇಂಗ್ಲಿಷಲ್ಲಿ ಹೇಳ್ತಿದ್ರೆ ನಾನು ಅತ್ತೆಗೆ ಕನ್ನಡದಲ್ಲಿ ಹೇಳ್ದೆ. ಅವ್ರು "ಅದನ್ನೇ ಅಲ್ವೇನೆ ನಾವು ಹೇಳೋದು, ಕತ್ತಿ, ಕತ್ತರಿ ಕೈಯಿಂದ ಕೈಗೆ ಕೊಡಬಾರದು, ಜಗಳ ಆಗುತ್ತೆ, ಕೆಳಗಿಟ್ಟು ತಗೋಬೇಕು ಅಂತ. ನೀನು ಅಡುಗೆಮನೇಲಿ ಚಾಕು ಹಂಗೇ ಕೈಗೆ ಕೊಡ್ತೀಯಲ್ಲ" ಅಂದ್ರು. ನಿಜ, ಕೊಡ್ತೀನಿ. ಇವತ್ತಿಂದ ಇಲ್ಲ ಅಂತ ಮಾತು ಕೊಟ್ಟೆ, ಅದರ ಪ್ರಕಾರಾನೇ ನಡ್ಕೊಳ್ತಿದೀನಿ.

ಅತ್ತೆ ಬಗ್ಗೆ ಇನ್ನೂ ಹೇಳ್ಬೇಕು, ಯಾಕಂದ್ರೆ ಅವ್ರು ಒಂದು ಎಸೆತಾನೂ ಎಸೀದೆ ಆ ಸಂಜೆಯನ್ನ ನಮಗಿಂತ ಜಾಸ್ತಿ ಅನುಭವಿಸಿದ್ರು. ಮೊದಲು ಕೋಚ್ ಕೇಳಿ ಒಂದು ಕೊಡಲೀನ ಕೈಗೆ ತಗೊಂಡ್ರು. ಬಾಯಿ ಮೇಲೆ ಹೆಬ್ಬೆರಳು ಅಡ್ಡ ಸವರಿ "ಮೊಂಡಾಗಿದೆ, ಇದನ್ನ ಮಸೆಯಲ್ವಂತಾ?" ಅಂದ್ರು. ಕೋಚ್ ಬೆರಳಿಟ್ಟು ನೋಡಿ ಹೌದು ಅಂತ ಬೇರೆ ತಂದ್ರು, ಅದು ಮಸೆದಿದ್ದು, ಅದಾದ್ಮೇಲೆ ಎಲ್ಲರದ್ದೂ ಚೆನ್ನಾಗಿ ಕಚ್ಚೋಕೆ ಶುರುವಾಯ್ತು, ಹಾಗಾಗಿ ನೀವು ಹೋದಾಗ ನಿಮ್ಮ ಕೊಡಲಿ ನಿಲ್ಲದೇ ಇದ್ರೆ ಒಂದ್ಸಲ ಬಾಯಿ ನೋಡಿಸಿ. ಸ್ವಲ್ಪ ಹೊತ್ತಾದ್ಮೇಲೆ ಹಲಗೆ ನೋಡಿ "ಒಣಗಿದೆ, ಒಣಗಿದ್ದಕ್ಕೆ ಏಟು ಹಾಕಿದ್ರೆ ಪುಟಿಯುತ್ತೆ" ಅಂದ್ರು. ಅದನ್ನ ಕೋಚಿಗೆ ಹೇಳೋಕೆ ನಾನು ಬಾಯಿ ತೆಗೆಯೋಷ್ಟರಲ್ಲಿ ಅವ್ರೇ ನೀರಿನ ಸ್ಪ್ರೇ ಬಾಟಲಿ ತಗೊಂಡು ಬಂದು ಹಲಗೆಗೆಲ್ಲ ನೀರು ಹೊಡೀತಿದ್ರು! ಮರ ಮೆತ್ತಗಿದ್ರೆ ಕೊಡಲಿ ಹಿಡ್ಕೊಳುತ್ತೆ, ಗೋಡೌನಿನ ಹೀಟರ್ ಗಾಳಿಗೆ ಬೇಗ ಒಣಗುತ್ತೆ, ಅದಕ್ಕೆ ಆಗಾಗ ನೀರು ಹೊಡೀತಾರಂತೆ. ನಲವತ್ತು ವರ್ಷ ಬಚ್ಚಲ ಒಲೆಗೆ ಸೌದೆ ಒಡೆಸಿ, ಒಡೆದು ಮಾಡಿದೋರಿಗೆ ಅದನ್ನ ಯಾರೂ ಹೇಳಿಕೊಡ್ಬೇಕಾಗಿಲ್ಲ.

ಆ ಕೊಡಲಿ ವಾಪಸ್ ಕೊರಡಿಗೆ ಇಡೋ ಮುಂಚೆ ಅವ್ರು ಕಣ್ಣಿಗೊತ್ತಿಕೊಂಡ್ರು. ಕೋಚ್ ನೋಡಿ ಏನಿದು ಅಂತ ಕೇಳಿದ್ರು. ನಮ್ಮಲ್ಲಿ ವರ್ಷಕ್ಕೊಂದ್ಸಲ ಆಯುಧ ಪೂಜೆ ಮಾಡ್ತೀವಿ, ಕತ್ತಿ, ಕೊಡಲಿ, ಗುದ್ದಲಿಯಿಂದ ಹಿಡಿದು ಕಾರು, ಲ್ಯಾಪ್‌ಟಾಪ್ ತನಕ ತೊಳೆದು ಒರೆಸಿ ಕುಂಕುಮ ಹೂವು ಇಡ್ತೀವಿ, ಅನ್ನ ಕೊಡೋ ಸಾಮಾನಿಗೆ ಕಾಲು ತಾಗಿಸಲ್ಲ ಅಂತ ಹೇಳ್ದೆ. ಆ ಹುಡುಗಿ ಗಂಭೀರವಾಗಿ ಕೇಳಿಸ್ಕೊಂಡ್ರು. ಅದಕ್ಕೆ ಸ್ವಲ್ಪ ಮುಂಚೆ ನೆಲಕ್ಕೆ ಬಿದ್ದ ಕೊಡಲೀನ ಶೂ ತುದಿಯಿಂದ ಪಕ್ಕಕ್ಕೆ ಸರಿಸಿದ್ರು, ಆಮೇಲೆ ಹಂಗೆ ಮಾಡ್ಲಿಲ್ಲ, ಬಗ್ಗಿ ಕೈಯಲ್ಲೇ ಎತ್ತಿದ್ರು. ನಾನು ಗಮನಿಸ್ದೆ, ಅತ್ತೇನೂ ಗಮನಿಸಿದ್ರು.

ಮಧ್ಯೆ ಊಟಕ್ಕೆ ಅಂತ ಬಿಟ್ಟಾಗ ಪರಶುರಾಮನ ಮಾತು ಬಂತು, ಬರ್ಲೇಬೇಕಿತ್ತು. ಗೆಳತಿ ಕುಂದಾಪುರದವ್ಳು. "ನಮ್ಮೂರೇ ಕೊಡಲಿ ಎಸೆದು ಆದ ಊರು ಕಣೆ" ಅಂದ್ಲು. ಪರಶುರಾಮ ಸಹ್ಯಾದ್ರಿ ಮೇಲೆ ನಿಂತು ಕೊಡಲಿ ಎಸೆದ, ಅದು ಬಿದ್ದಲ್ಲಿವರೆಗೂ ಸಮುದ್ರ ಹಿಂದೆ ಸರೀತು, ಅದೇ ಕರಾವಳಿ ಅಂತ ಅಲ್ಲಿ ಹೇಳ್ತಾರಲ್ಲ. ಅತ್ತೆ ಬಿಡ್ತಾರಾ, "ಆ ಕೊಡಲಿ ರಕ್ತ ತೊಳೆದಿದ್ದು ನಮ್ಮ ತುಂಗೆಯಲ್ಲಿ" ಅಂತ ತೀರ್ಥಹಳ್ಳಿ ರಾಮತೀರ್ಥದ ಕಥೆ ಶುರು ಮಾಡಿದ್ರು, ತಾಯಿ ತಲೆ ಕಡಿದ ಕೊಡಲಿಗೆ ಅಂಟಿದ ರಕ್ತ ಎಲ್ಲಿ ತೊಳೆದ್ರೂ ಹೋಗ್ಲಿಲ್ಲ, ಅಲ್ಲಿ ಹೋಯ್ತು, ಈಗ್ಲೂ ಎಳ್ಳಮಾವಾಸ್ಯೆ ಜಾತ್ರೇಲಿ ಜನ ಅಲ್ಲಿ ಸ್ನಾನ ಮಾಡ್ತಾರೆ ಅಂತೆಲ್ಲ. ಆ ಇಬ್ಬರು ಹುಡುಗರು ಪುಳಿಯೋಗರೆ ತಟ್ಟೆ ಹಿಡ್ಕೊಂಡು ಬಾಯಿ ಬಿಟ್ಕೊಂಡು ಕೇಳ್ತಿದ್ರು. ಹೊರಗಿನ ಊಟ ತರಬಹುದು ಅಲ್ಲಿ, ಇದೂ ಒಂದು ಅನುಕೂಲ, ಪುಳಿಯೋಗರೆ, ಚಕ್ಕುಲಿ, ಮೊಸರನ್ನ ಎಲ್ಲ ತಗೊಂಡು ಹೋಗಿದ್ವಿ. ಆದ್ರೆ ತಟ್ಟೆ ಚಮಚ ನೀವೇ ಒಯ್ಯಬೇಕು, ಕೈ ತೊಳೆಯೋಕೆ ಇರೋದು ಒಂದೇ ಬಾತ್‌ರೂಮು, ಅಷ್ಟು ಜನಕ್ಕೆ ಒಂದು ಅನ್ನೋದು ಏನೇನೂ ಸಾಲ್ದು. ಒಳಗೆ ಚಳಿ ಕೂಡ ಇದೆ, ಎಸೆಯೋರಿಗೆ ಗೊತ್ತಾಗಲ್ಲ, ಕೂತೋರಿಗೆ ಶಾಲು ಬೇಕೇ ಬೇಕು. ಸದ್ದು ಜಾಸ್ತಿ, ಮ್ಯೂಸಿಕ್ ಬೇರೆ ಜೋರಾಗಿ ಹಾಕಿದ್ರು, ಕೇಳಿದ ಮೇಲೆ ಕಡಿಮೆ ಮಾಡಿದ್ರು.

ಎರಡನೇ ಗಂಟೆ ಪೂರ್ತಿ ಪಂದ್ಯ. ನಡುವಿನ ವೃತ್ತಕ್ಕೆ 5, ಅದರ ಸುತ್ತಿನ ಕೆಂಪಿಗೆ 3, ಆಚೆಯ ನೀಲಿಗೆ 1. ಒಂದು ರೌಂಡಿಗೆ ಐದು ಎಸೆತ, ಮೂರು ರೌಂಡು. ಬೋರ್ಡಿನ ಮೇಲ್ಗಡೆ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಹಸಿರು ಚುಕ್ಕೆ ಇರುತ್ತೆ, ಅದು ಕ್ಲಚ್, 7 ಪಾಯಿಂಟ್, ಆದ್ರೆ ಪ್ರತಿ ರೌಂಡಿನ ಐದನೇ ಎಸೆತದಲ್ಲಿ ಮಾತ್ರ, ಅದೂ ಎಸೆಯೋ ಮುಂಚೆ ಬಾಯಿಬಿಟ್ಟು ಹೇಳ್ಬೇಕು. ಹೇಳಿ ತಪ್ಪಿದ್ರೆ ಸೊನ್ನೆ, ಕೊಡಲಿ ಹೋಗಿ ನಟ್ಟನಡುವೆ ನಿಂತ್ರೂ ಸೊನ್ನೆ. ಒಂದೂ ತಪ್ಪದೇ ಎಲ್ಲ ಬಿದ್ರೆ ಮೂರು ರೌಂಡಿಗೆ 81, ಅದಕ್ಕಿಂತ ಮೇಲಿಲ್ಲ. ವರ್ಲ್ಡ್ ಲೀಗಿನವ್ರದ್ದು ಬೇರೆ ಲೆಕ್ಕ, ಅಲ್ಲಿ ಹತ್ತು ಎಸೆತ, ನೀವು ಹೋಗೋ ಜಾಗ ಯಾವ ಕಡೆದು ಅನ್ನೋದರ ಮೇಲೆ ಹೋಗುತ್ತೆ.

ಪಂದ್ಯ ಶುರುವಾದ ಮೇಲೆ ನಮ್ಮ ಗುಂಪು ಬದಲಾಗಿದ್ದನ್ನ ನಾನು ಕಣ್ಣಾರೆ ನೋಡ್ದೆ. ಬೌಲಿಂಗಿಗೆ ಎರಡು ಸಲ ಹೋಗಿದೀವಿ, ಅಲ್ಲಿ ಒಬ್ರು ಹಾಕ್ತಿದ್ರೆ ಉಳಿದೋರೆಲ್ಲ ಫೋನ್ ನೋಡ್ತಿರ್ತಾರೆ. ಇಲ್ಲಿ ಫೋನ್ ಎತ್ತಕ್ಕಾಗಲ್ಲ, ಎಲ್ಲರ ಕಣ್ಣೂ ಒಂದೇ ಹಲಗೆ ಮೇಲೆ, ಒಂದು ಎಸೆತ ಅಂದ್ರೆ ಎರಡು ಸೆಕೆಂಡು, ನಿಲ್ಲುತ್ತೋ ಬೀಳುತ್ತೋ ಅನ್ನೋದು ಸದ್ದಲ್ಲೇ ಗೊತ್ತಾಗುತ್ತೆ, ಹನ್ನೆರಡು ಜನ ಒಟ್ಟಿಗೆ ಕೂಗ್ತಾರೆ. ಹತ್ತು ವರ್ಷದಿಂದ ಪಾಟ್‌ಲಕ್ಕಲ್ಲಿ ನಮಸ್ಕಾರ, ಚೆನ್ನಾಗಿದೀರಾ ಅಷ್ಟೇ ಅಂತಿದ್ದ ಒಬ್ರು ಸೀರೆಯಾಕೆಗೆ ಎಷ್ಟು ಹೆಜ್ಜೆ ಮುಂದೆ ಬರ್ಬೇಕು ಅಂತ ನೆಲದ ಮೇಲೆ ಚಕ್ಕೆ ಇಟ್ಟು ಗುರುತು ಮಾಡಿ ಕೊಡ್ತಿದ್ರು. ಗಂಡಸ್ರಿಗೆ ಒಂದು ಅನುಕೂಲ, ಹೆಂಗಸ್ರಿಗೆ ಒಂದು ಅನನುಕೂಲ ಅನ್ನೋದು ಈ ಆಟದಲ್ಲಿಲ್ಲ. ಲಗೋರಿ ಆಡಿದ ಕೈ ಇದ್ರೆ ಸಾಕು. ನಾನು ಸೆಮಿಫೈನಲ್ ತನಕ ಬಂದೆ, ಹುಬ್ಬಳ್ಳಿ ಹುಡುಗನ ಹತ್ರ ಸೋತೆ.

ಫೈನಲ್ಲಿಗೆ ಬಂದಿದ್ದು ಅವನು ಮತ್ತೆ ನನ್ನ ಗೆಳತಿ. ಕೊನೇ ರೌಂಡಿನ ಕೊನೇ ಎಸೆತ ಒಬ್ಬೊಬ್ಬರೇ ಎಸೀರಿ ಅಂತ ಕೋಚ್ ಅಂದ್ರು. ಅವನು ಎಸೆದ, 38 ಆಯ್ತು. ಇವಳದ್ದು 32. ನಡುವೆ ಬಿದ್ರೂ 37, ಸೋಲು. ಕ್ಲಚ್ ಬಿದ್ರೆ 39. ಅವಳ ಗಂಡ ಹಿಂದಿಂದ "ಬೇಡ, ನಡುವಿಗೇ ಹಾಕು, ಇಷ್ಟಕ್ಕೆ ಬಂದಿದ್ದೇ ದೊಡ್ಡದು" ಅಂತಿದ್ರು, ಆ ಹುಡುಗಾನೇ "ಅಕ್ಕಾರ, ಕ್ಲಚ್ ಹೇಳ್ರಿ, ಸುಮ್ನ ಹೊಡೀರಿ" ಅಂದ. ಇವಳು ಯಾರ ಕಡೆನೂ ತಿರುಗ್ಲಿಲ್ಲ. ಕ್ಲಚ್ ಅಂದ್ಲು. ಬಲಗಡೆ ಮೇಲಿನ ಚುಕ್ಕೆ ನೋಡ್ಕೊಂಡು, ಒಂದು ಇಂಚು ಬಲಕ್ಕೆ ಸರಿದು, ಕೊಡಲಿ ತಲೆ ಹಿಂದಕ್ಕೆ ತಗೊಂಡು ಬಿಟ್ಲು. ಠಕ್ ಅಂತ ನಿಂತಿತು, ಎಷ್ಟು ಗಟ್ಟಿಯಾಗಿ ಅಂದ್ರೆ ಆ ಹಲಗೆ ಮೇಲಿಂದ ಕೆಳಗಿನವರೆಗೆ ಸೀಳು ಬಿಟ್ಟಿತು. ಹತ್ರ ಹೋಗಿ ನೋಡಿದ್ರೆ ಹಸಿರು ಚುಕ್ಕೆಗೂ ಕೊಡಲಿ ಬಾಯಿಗೂ ಮಧ್ಯೆ ನನ್ನ ಕಿರುಬೆರಳಿನಷ್ಟು ಜಾಗ.

ಸೋತ್ಲು. ಆ ಹುಡುಗ ಗೆದ್ದೆ ಅಂತ ಕೂಗ್ಲೂ ಇಲ್ಲ, ಬಂದು ಕಾಲಿಗೆ ಬಿದ್ದ. ಇವಳು ಒಂದು ನಿಮಿಷ ಹಲಗೆ ಮುಂದೆನೇ ನಿಂತಿದ್ದು, ಆಮೇಲೆ ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತುಬಿಟ್ಲು, ಅದು ಪಂದ್ಯಕ್ಕಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಎರಡು ವಾರದಿಂದ ಪ್ಯಾಕಿಂಗ್, ಮನೆ ಖಾಲಿ, ಮಕ್ಕಳ ಸ್ಕೂಲು ಅಂತ ಓಡಾಡ್ತಿದ್ಲು, ನಮ್ಮ ಯಾರ ಮುಂದೆಯೂ ಒಂದು ಹನಿ ಕಣ್ಣೀರು ಹಾಕಿರ್ಲಿಲ್ಲ.

ಸೀಳಿದ ಹಲಗೆ ಹೇಗೂ ಬದಲಾಯಿಸ್ಲೇಬೇಕಿತ್ತು. ಕೋಚ್ ಡ್ರಿಲ್ ತಂದು ಸ್ಕ್ರೂ ಬಿಚ್ಚಿ, ಆ ಹಸಿರು ಚುಕ್ಕೆ ಇರೋ ತುಂಡನ್ನ ಗರಗಸದಲ್ಲಿ ಮೊಳದಷ್ಟಕ್ಕೆ ಕತ್ತರಿಸಿ, ಸಿಬುರು ಚುಚ್ಚದೇ ಇರ್ಲಿ ಅಂತ ಅಂಚನ್ನ ಉಜ್ಜಿ ಅವಳಿಗೆ ಕೊಟ್ರು. ಯಾರೂ ಕೇಳಿರ್ಲಿಲ್ಲ. ಅದಕ್ಕೆ ದುಡ್ಡೂ ತಗೊಳ್ಲಿಲ್ಲ. ಬುಕಿಂಗಿನ ಎಡವಟ್ಟನ್ನ ನಾನು ಮನಸ್ಸಿಂದ ತೆಗೆದುಹಾಕಿದ್ದು ಆಗ.

ಯಾರಿಗೆ ಬೇಡ ಅಂತಾನೂ ಹೇಳ್ಬೇಕು. ಭುಜ, ಕುತ್ತಿಗೆ ನೋವು ಇರೋರು ಎಸೀಬೇಡಿ, ಮಾರನೇ ದಿನ ನಮ್ಮೆಲ್ಲರಿಗೂ ಬಲ ಭುಜ ಹಿಡ್ಕೊಂಡಿತ್ತು, ಸೋಮವಾರ ಬೆಳಿಗ್ಗೆ ಕಾರಿನ ಮೇಲಿನ ಸ್ನೋ ಗುಡಿಸೋವಾಗ ನಂಗೆ ಕೈ ಎತ್ತಕ್ಕಾಗ್ತಿರ್ಲಿಲ್ಲ. ಐದು ಜನಕ್ಕಿಂತ ಕಡಿಮೆ ಇದ್ರೆ ಎರಡು ಗಂಟೆ ಜಾಸ್ತಿ, ಒಂದು ಗಂಟೆ ತಗೊಳ್ಳಿ. ಹನ್ನೆರಡು ಜನಕ್ಕೆ ಒಂದೇ ಪಂಜರ ಅಂದ್ರೆ ಒಪ್ಕೋಬೇಡಿ, ಕಾಯೋದೇ ಆಗುತ್ತೆ. ವಾರದ ಮಧ್ಯೆ ಹೋದ್ರೆ ಜನ ಕಡಿಮೆ, ಕೋಚ್ ಪೂರ್ತಿ ಸಿಗ್ತಾರೆ. ಮೊದಲ ಸಲ ಹೋಗೋರು ಕೋಚ್ ಇಲ್ಲದ ಕಡಿಮೆ ರೇಟಿನ ವಾಕ್‌ಇನ್ ಸ್ಲಾಟಿಗೆ ಹೋಗ್ಲೇಬೇಡಿ, ಆ ಇಪ್ಪತ್ತೈದು ನಿಮಿಷ ನಾವು ಅನುಭವಿಸಿದ್ದನ್ನೇ ನೀವು ಒಂದು ಗಂಟೆ ಅನುಭವಿಸಿ ಬರ್ತೀರ.

ನಾವು ಏಪ್ರಿಲ್ ಎರಡನೇ ಗುರುವಾರಕ್ಕೆ ಮತ್ತೆ ಬುಕ್ ಮಾಡಿದೀವಿ, ಅದೇ ಜಾಗ, ಅದೇ ಕೋಚ್ ಬೇಕು ಅಂತ ಹೇಳಿ ಈಮೇಲಲ್ಲಿ ಬರೆಸ್ಕೊಂಡಿದೀನಿ. ಗೆಳತಿ ಆ ವಾರ ಮನೆ ಪೇಪರ್ ಸಹಿ ಮಾಡೋಕೆ ಕ್ಯಾಲ್ಗರಿಯಿಂದ ಬರ್ತಿದಾಳೆ. ನಿನ್ನೆ ಫೋಟೋ ಕಳ್ಸಿದ್ಲು, ಹೊಸ ಮನೇಲಿ ಇನ್ನೂ ಡಬ್ಬಗಳು ಬಿಚ್ಚಿಲ್ಲ, ಸೋಫಾ ಬಂದಿಲ್ಲ, ಆದ್ರೆ ಗೋಡೆ ಮೇಲೆ ಒಂದೇ ಒಂದು ಮೊಳೆ ಹೊಡೆದು ಆ ಹಲಗೆ ನೇತುಹಾಕಿದಾಳೆ.